22 ತಿಂಗಳ ಮಗುವಿಗೆ ನಿದ್ದೆ ಹೊತ್ತಿನ ನಿಪ್ಪಲ್ ಬಿಡಿಸುವುದು: ರಾತ್ರಿಯಿಂದ ಶುರು ಮಾಡಬೇಕಾ, ಮಧ್ಯಾಹ್ನದಿಂದಲಾ?

ಹಾಸನದ ಹೇಮಾ:

ಎಲ್ಲರಿಗೂ ನಮಸ್ಕಾರ. ಮಗಳಿಗೆ 22 ತಿಂಗಳು. ಹಗಲು ಆಡುವಾಗ ನಿಪ್ಪಲ್ ನೆನಪೇ ಬರುವುದಿಲ್ಲ (ಹಾಲಿನ ಬಾಟಲಿಯದ್ದಲ್ಲ, ಬರೀ ಚೀಪುವ ಸೂದರ್). ಆದರೆ ಮಧ್ಯಾಹ್ನ ಒಂದೂವರೆಗೆ ಮತ್ತು ರಾತ್ರಿ ಒಂಬತ್ತೂವರೆಗೆ ಮಲಗುವಾಗ ಬಾಯಲ್ಲಿ ಅದು ಇರಲೇಬೇಕು. ರಾತ್ರಿ ಜಾರಿ ಬಿದ್ದರೆ ಎದ್ದು ಅಳುತ್ತಾಳೆ. ಕತ್ತಲಲ್ಲಿ ತಡಕಾಡಿ ಹುಡುಕಿ ಬಾಯಿಗಿಟ್ಟರೆ ಮತ್ತೆ ನಿದ್ದೆ. ನಡುರಾತ್ರಿಯಿಂದ ಬೆಳಗಿನವರೆಗೆ ಇದೇ ಕೆಲಸ. ಮಲಗುವುದು ನೆಲದ ಹಾಸಿಗೆಯಲ್ಲಿ, ನಮ್ಮಿಬ್ಬರ ನಡುವೆ. ಮಧ್ಯಾಹ್ನ ಮಲಗಿಸುವವರು ಅತ್ತೆ. ಎದೆಹಾಲು ಬಿಟ್ಟಾಗಿದೆ.

ಒಂದೇ ಸಲಕ್ಕೆ ನಿಲ್ಲಿಸುವುದಾ, ಸ್ವಲ್ಪ ಸ್ವಲ್ಪವಾಗಿಯಾ? ಮೊದಲು ರಾತ್ರಿಯಾ, ಮಧ್ಯಾಹ್ನವಾ? ಬೇವಿನೆಣ್ಣೆ ಸವರಿದರೆ ಎರಡೇ ದಿನದಲ್ಲಿ ಬಿಡುತ್ತಾಳೆ ಅಂತ ಅತ್ತೆ ಹೇಳುತ್ತಾರೆ. ತುದಿ ಕತ್ತರಿಸಿ ಕೊಡಿ ಅಂತ ಇನ್ನು ಕೆಲವರು. ಇವೆರಡೂ ಸರಿಯಾ? ಮುಂದಿನ ತಿಂಗಳ ಕೊನೆಗೆ ತವರಿನ ಊರಹಬ್ಬಕ್ಕೆ ಹೋಗುವುದಿದೆ. ಅದಕ್ಕೆ ಮುಂಚೆ ಮುಗಿಸಬೇಕಾ, ಬಂದಮೇಲೆ ಶುರು ಮಾಡಬೇಕಾ?

ಕಾವೇರಿ ತೀರ:

ಹೇಮಾ ಅವರೇ, ಮೊದಲು ಯಾಕೆ ಏಳುತ್ತಾಳೆ ಅನ್ನುವುದನ್ನು ನೋಡೋಣ. ಅದು ಗೊತ್ತಾದರೆ ಉಳಿದದ್ದಕ್ಕೆಲ್ಲ ಉತ್ತರ ತಾನಾಗಿ ಸಿಗುತ್ತದೆ. ನಿದ್ದೆ ಇಡೀ ರಾತ್ರಿ ಒಂದೇ ಸಮನೆ ಇರುವುದಿಲ್ಲ. ಈ ವಯಸ್ಸಿನ ಮಕ್ಕಳಲ್ಲಿ ಹೆಚ್ಚುಕಡಿಮೆ ಗಂಟೆಗೊಮ್ಮೆ ನಿದ್ದೆ ತೆಳುವಾಗುತ್ತದೆ, ಮಗು ಅರೆ ಎಚ್ಚರಕ್ಕೆ ಬಂದು ಮಗ್ಗುಲು ಬದಲಿಸುತ್ತದೆ. ಮಲಗುವಾಗ ಏನೇನಿತ್ತೋ ಅದೆಲ್ಲ ಹಾಗೇ ಇದ್ದರೆ ಕಣ್ಣು ಬಿಡದೆಯೇ ಮುಂದಿನ ನಿದ್ದೆಗೆ ಹೋಗುತ್ತದೆ. ಏನೋ ಒಂದು ಕಾಣೆಯಾಗಿದ್ದರೆ ಪೂರ್ತಿ ಎಚ್ಚರವಾಗುತ್ತದೆ. ನಿಮ್ಮ ಮಗಳು ನಿಪ್ಪಲ್ ಬಾಯಲ್ಲಿಟ್ಟುಕೊಂಡು ನಿದ್ದೆ ಹೋಗಿದ್ದಾಳೆ, ಅರೆ ಎಚ್ಚರದಲ್ಲಿ ಅದು ಬಾಯಲ್ಲಿಲ್ಲ. ರಾತ್ರಿಯ ಮೊದಲ ಭಾಗದಲ್ಲಿ ಗಾಢ ನಿದ್ದೆ ಹೆಚ್ಚು, ಹಾಗಾಗಿ ಹನ್ನೊಂದು ಹನ್ನೆರಡರವರೆಗೆ ತೊಂದರೆ ಕಾಣುವುದಿಲ್ಲ. ಆಮೇಲೆ ತೆಳು ನಿದ್ದೆ ಹೆಚ್ಚಾಗುತ್ತದೆ. ನೀವು ಹೇಳಿದ ಹೊತ್ತೂ ಅದೇ.

ಅಂದರೆ ನಿಪ್ಪಲ್ ತೆಗೆಯುವುದಕ್ಕಿಂತ ದೊಡ್ಡ ಕೆಲಸ ಅದಿಲ್ಲದೆ ನಿದ್ದೆ ಹೋಗುವುದನ್ನು ಕಲಿಸುವುದು. ಕಲಿಯುವ ಜಾಗ ನಡುರಾತ್ರಿ ಎರಡು ಗಂಟೆ ಅಲ್ಲ, ಮಲಗುವ ಮೊದಲ ಹೊತ್ತು. ಮೊದಲ ನಿದ್ದೆಗೆ ಕೊಟ್ಟು, ನಡುರಾತ್ರಿ ಮಾತ್ರ ಕೊಡದಿದ್ದರೆ ಮಗುವಿಗೆ ಏನೂ ಅರ್ಥವಾಗುವುದಿಲ್ಲ, ಅಳು ಮಾತ್ರ ಹೆಚ್ಚುತ್ತದೆ.

ನನ್ನ ಸಲಹೆ: ರಾತ್ರಿಯಿಂದ ಶುರು ಮಾಡಿ, ಒಂದೇ ಸಲಕ್ಕೆ ನಿಲ್ಲಿಸಿ, ಮಾರನೇ ದಿನದಿಂದಲೇ ಮಧ್ಯಾಹ್ನಕ್ಕೂ ಬೇಡ. ರಾತ್ರಿ ಯಾಕೆಂದರೆ ದಿನವಿಡೀ ಎಚ್ಚರವಿದ್ದ ಮೈಗೆ ನಿದ್ದೆಯ ಒತ್ತಡ ಆಗ ಅತಿ ಹೆಚ್ಚು. ಕತ್ತಲಾದ ಮೇಲೆ ಮೈಯ ಗಡಿಯಾರವೂ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ. ಮಧ್ಯಾಹ್ನ ಈ ಎರಡೂ ಅರ್ಧಂಬರ್ಧ. ನಿದ್ದೆ ಬರದೆ ಹಟ ಮಾಡಿದರೆ ಅತ್ತೆಯವರಿಗೆ ನಿಪ್ಪಲ್ ಕೊಡದೆ ಬೇರೆ ದಾರಿ ತೋಚುವುದಿಲ್ಲ.

ಶುರು ಮಾಡುವ ಮುಂಚೆ ಮೂರು ನಾಲ್ಕು ದಿನ ತಯಾರಿ ಬೇಕು. ಆ ದಿನಗಳಲ್ಲಿ ನಿಪ್ಪಲ್ ಹಾಸಿಗೆ ಬಿಟ್ಟು ಎಲ್ಲೂ ಹೋಗಬಾರದು: ಕಾರಿನಲ್ಲಿ, ಸೊಂಟದ ಮೇಲೆ, ಟಿವಿ ಮುಂದೆ, ಎಲ್ಲೂ ಇಲ್ಲ. ಮಲಗಿಸುವ ಕ್ರಮವನ್ನು ದಿನವೂ ಅದೇ ಹೊತ್ತಿಗೆ, ಅದೇ ಸಾಲಿನಲ್ಲಿ ಮಾಡಿ. ಊಟ ಮಲಗುವ ಮುಕ್ಕಾಲು ಗಂಟೆ ಮುಂಚೆ ಮುಗಿದಿರಲಿ. ಆಮೇಲೆ ಬೆಚ್ಚಗಿನ ನೀರಲ್ಲಿ ಕೈಕಾಲು ಮುಖ ತೊಳೆಸಿ, ಡೈಪರ್ ಬದಲಿಸಿ, ಹಲ್ಲುಜ್ಜಿ, ಸೊಳ್ಳೆಪರದೆಯೊಳಗೆ ಹೋಗಿ ಎರಡು ಪುಟ್ಟ ಪುಸ್ತಕ ಓದಿ. ಮತ್ತೆ ದೀಪ ಆರಿಸಿ ಜೋಗುಳ. ಇದಿಷ್ಟೂ 25ರಿಂದ 30 ನಿಮಿಷದಲ್ಲಿ ಮುಗಿಯಬೇಕು. ಈ ದಿನಗಳಲ್ಲಿ ನಿಪ್ಪಲ್ ಕೊಡುವುದು ದೀಪ ಆರಿಸಿದ ಮೇಲೆ, ಜೋಗುಳದ ಜೊತೆಗೆ. ನಾಲ್ಕು ದಿನ ಹೀಗೆ ಮಾಡಿದರೆ ಜೋಗುಳವೇ ನಿದ್ದೆಯ ಗುರುತಾಗಿ ನಿಲ್ಲುತ್ತದೆ. ನಿಪ್ಪಲ್ ಹೋದರೂ ಉಳಿದ ಗುರುತುಗಳು ಇರುತ್ತವೆ.

ಇದೇ ದಿನಗಳಲ್ಲಿ ಕೈಗೆ ಹಿಡಿದುಕೊಳ್ಳಲು ಒಂದು ವಸ್ತು ರೂಢಿ ಮಾಡಿಸಿ. ದುಬಾರಿ ಗೊಂಬೆ ಬೇಡ. ನಿಮ್ಮ ಹಳೆಯ ಹತ್ತಿ ಸೀರೆಯಿಂದ ಒಂದಡಿ ಉದ್ದ, ಒಂದಡಿ ಅಗಲದ ತುಂಡು ಕತ್ತರಿಸಿ ಅಂಚು ಮಡಚಿ ಹೊಲಿಯಿರಿ. ಜರಿ, ಕುಚ್ಚು, ಗುಂಡಿ ಯಾವುದೂ ಇರಬಾರದು. ಒಂದೇ ತರಹದ್ದು ಎರಡು ಮಾಡಿ. ಒಂದು ಒಗೆಯಲು ಹೋದ ದಿನ ಇನ್ನೊಂದು ಬೇಕಾಗುತ್ತದೆ. ಒಂದು ದಿನ ನಿಮ್ಮ ಹೆಗಲ ಮೇಲೆ ಹಾಕಿಕೊಂಡಿದ್ದು ಕೊಟ್ಟರೆ ನಿಮ್ಮ ವಾಸನೆ ಅದಕ್ಕೆ ಅಂಟಿರುತ್ತದೆ. ಒಂದು ವರ್ಷ ದಾಟಿದ ಮಗುವಿಗೆ ಹಾಸಿಗೆಯಲ್ಲಿ ಇಂಥ ಪುಟ್ಟ ಬಟ್ಟೆ ಇದ್ದರೆ ಭಯವಿಲ್ಲ, ಅದಕ್ಕಿಂತ ಚಿಕ್ಕ ಕೂಸಿಗೆ ಮಾತ್ರ ಕೂಡದು.

ನಿಲ್ಲಿಸುವ ದಿನ ಬೆಳಗ್ಗೆಯೇ ಮನೆಯಲ್ಲಿರುವ ಎಲ್ಲ ನಿಪ್ಪಲ್ ಹುಡುಕಿ ತೆಗೆಯಿರಿ. ದಿಂಬಿನ ಕೆಳಗೆ, ಮಂಚದಡಿ, ಕಾರಿನ ಸೀಟಿನ ಸಂದಿ, ಅಜ್ಜಿಯ ಪರ್ಸು, ಡೈಪರ್ ಬ್ಯಾಗಿನ ಪಕ್ಕದ ಜೇಬು. ಒಂದು ಉಳಿದರೂ ಕೆಲಸ ಕೆಟ್ಟಂತೆ, ಯಾಕೆಂದರೆ ರಾತ್ರಿ ಮೂರು ಗಂಟೆಗೆ ಮನಸ್ಸು ಮೊದಲು ಹೋಗುವುದೇ ಅದರ ಕಡೆ. ಸಂಜೆ ಮಗುವಿಗೆ ಒಂದೇ ವಾಕ್ಯ ಹೇಳಿ: "ಇವತ್ತಿಂದ ನಿಪ್ಪಲ್ ಇಲ್ಲ, ಅಮ್ಮ ಪಕ್ಕದಲ್ಲಿ ಇರ್ತೀನಿ." 22 ತಿಂಗಳಿಗೆ ಉದ್ದ ವಿವರಣೆ ಬೇಡ. "ಕಾಗೆ ಎತ್ತಿಕೊಂಡು ಹೋಯ್ತು", "ನಾಯಿ ತಿಂತು" ಅನ್ನಬೇಡಿ. ಮಲಗುವ ಹೊತ್ತಿಗೆ ಕಾಗೆ ನಾಯಿಗಳ ಭಯ ಜೊತೆಯಾದರೆ ನಿದ್ದೆ ಇನ್ನೂ ದೂರ.

ಆ ರಾತ್ರಿ ಮಾಮೂಲಿಗಿಂತ 15–20 ನಿಮಿಷ ತಡವಾಗಿ ಹಾಸಿಗೆಗೆ ಹೋಗಿ, ನಿದ್ದೆ ಚೆನ್ನಾಗಿ ತೂಗುತ್ತಿರಲಿ. ಅದಕ್ಕಿಂತ ತಡ ಮಾಡಿದರೆ ಅತಿಯಾಗಿ ದಣಿದು ಹಟ ಹೆಚ್ಚುತ್ತದೆ. ಅತ್ತರೆ ಪಕ್ಕದಲ್ಲೇ ಮಲಗಿ ಬೆನ್ನ ಮೇಲೆ ಕೈಯಿಟ್ಟು, ಅದೇ ಜೋಗುಳ, ಅದೇ ತಗ್ಗಿದ ದನಿ. ಎತ್ತಿಕೊಂಡು ಓಡಾಡುವುದು, ದೀಪ ಹಾಕುವುದು, ಮೊಬೈಲ್ ತೋರಿಸುವುದು ಬೇಡ. ಮೊದಲ ರಾತ್ರಿ ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ ಹಿಡಿದರೂ ಅಸಹಜವಲ್ಲ. ನೀವು ಪಕ್ಕದಲ್ಲೇ ಇರುವುದರಿಂದ ಅವಳು ಒಂಟಿಯಾಗಿ ಅಳುತ್ತಿಲ್ಲ, ಅದನ್ನು ಮರೆಯಬೇಡಿ.

ಬಹಳ ಜನ ಎಡವುವುದು ಮೂರನೇ ನಾಲ್ಕನೇ ರಾತ್ರಿ. ಮೊದಲೆರಡು ರಾತ್ರಿ ಕಡಿಮೆಯಾದ ಅಳು ಇದ್ದಕ್ಕಿದ್ದಂತೆ ಜೋರಾಗಬಹುದು. ಮಗು ಹಳೆಯ ದಾರಿಯನ್ನು ಕೊನೆಯ ಬಾರಿ ಪೂರ್ತಿ ಬಲದಿಂದ ತಟ್ಟಿ ನೋಡುವುದು ಅದು. ಆಗ ಸೋತು ಕೊಟ್ಟರೆ ಅವಳು ಕಲಿಯುವ ಪಾಠ "ಒಂದು ಗಂಟೆ ಅತ್ತರೆ ಸಿಗುತ್ತದೆ" ಅನ್ನುವುದು, ಮುಂದಿನ ಸಲ ಒಂದು ಗಂಟೆಗೆ ಮುಂಚೆ ಬಿಡುವುದೇ ಇಲ್ಲ. ಹಾಗಾಗಿ ಕೊಡುವ ಸಾಧ್ಯತೆ ಇದೆ ಅನ್ನಿಸಿದರೆ ಈ ವಾರ ಶುರುವೇ ಮಾಡಬೇಡಿ. ಸಾಮಾನ್ಯವಾಗಿ ಮೂರರಿಂದ ಏಳು ರಾತ್ರಿಯಲ್ಲಿ ದಾರಿಗೆ ಬರುತ್ತದೆ. ಎರಡನೇ ವಾರದಲ್ಲಿ ಒಂದು ದಿನ ಮತ್ತೆ ಕೇಳಬಹುದು, ಆಗಲೂ ಅದೇ ಉತ್ತರ.

ಊರಹಬ್ಬದ ಬಗ್ಗೆ: ಹೊರಡುವುದಕ್ಕೆ ಎರಡು ವಾರಕ್ಕಿಂತ ಹೆಚ್ಚು ಸಮಯವಿದ್ದರೆ ಈಗಲೇ ಮಾಡಿ. ಇಲ್ಲದಿದ್ದರೆ ಬಂದು ನಾಲ್ಕೈದು ದಿನ ಕಳೆದಮೇಲೆ. ಹೊಸ ಜಾಗ, ರಾತ್ರಿಯಿಡೀ ಡೊಳ್ಳು, ಮೈಕು, ಮನೆ ತುಂಬ ನೆಂಟರು, ಅಲ್ಲಿ ಯಾವ ಹೊಸ ಅಭ್ಯಾಸವೂ ನಿಲ್ಲುವುದಿಲ್ಲ.

ಹಾಲುಹಲ್ಲು:

ಬೇವಿನೆಣ್ಣೆ ಬೇಡವೇ ಬೇಡ. ಇದನ್ನು ಅತ್ತೆಯವರಿಗೆ ಗೌರವದಿಂದಲೇ, ಆದರೆ ಸ್ಪಷ್ಟವಾಗಿ ಹೇಳಿ. ಚಿಕ್ಕ ಮಕ್ಕಳ ಹೊಟ್ಟೆಗೆ ಬೇವಿನೆಣ್ಣೆ ಹೋಗಿ ವಾಂತಿ, ವಿಪರೀತ ಮಂಪರು, ಫಿಟ್ಸ್, ಮೆದುಳಿಗೆ ಪೆಟ್ಟು ಆದ ಪ್ರಕರಣಗಳು ನಮ್ಮ ದೇಶದ ವೈದ್ಯಕೀಯ ದಾಖಲೆಗಳಲ್ಲಿವೆ. ಮೈಗೆ ಹಚ್ಚುವ ಎಣ್ಣೆಯೇ ಬೇರೆ, ನಿಪ್ಪಲ್ ಮೇಲೆ ಸವರಿ ಚೀಪಿಸುವುದೇ ಬೇರೆ. ಮೆಣಸಿನಪುಡಿ, ಉಗುರು ಕಚ್ಚದಂತೆ ಹಚ್ಚುವ ಕಹಿ ಪಾಲಿಶ್ ಇವೂ ಬೇಡ. ಹಾಗಲಕಾಯಿ ರಸ ವಿಷವಲ್ಲದಿರಬಹುದು. ಆದರೆ ದಿನಾ ಸಮಾಧಾನ ಕೊಡುತ್ತಿದ್ದ ವಸ್ತು ಏಕಾಏಕಿ ಕಹಿಯಾದರೆ ಮಗುವಿಗೆ ಆಗುವುದು ಗಾಬರಿ. ಅದರಿಂದ ನಿದ್ದೆ ಕಲಿಯುವುದಿಲ್ಲ.

ಇದಕ್ಕೆ ತಿರುವುಮುರುವಾದ ಅಭ್ಯಾಸವೂ ನಮ್ಮಲ್ಲಿದೆ: ಜೇನುತುಪ್ಪ, ಸಕ್ಕರೆ ಪಾಕ, ಬೆಲ್ಲದ ನೀರಲ್ಲಿ ಅದ್ದಿ ಕೊಡುವುದು. ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆ ಸುರಿಯುವುದರಿಂದ ಆ ಸಿಹಿ ಮೇಲಿನ ಮುಂದಿನ ಹಲ್ಲುಗಳ ಮೇಲೆ ರಾತ್ರಿಯಿಡೀ ಕೂರುತ್ತದೆ. ಮೊದಲು ಒಸಡಿನಂಚಲ್ಲಿ ಸುಣ್ಣದಂಥ ಬಿಳಿ ಗೆರೆ, ಆಮೇಲೆ ಕಂದು, ಆಮೇಲೆ ಹಲ್ಲೇ ಮುರಿಯುತ್ತದೆ. ಒಂದು ವರ್ಷದೊಳಗಿನ ಕೂಸಿಗಂತೂ ಜೇನುತುಪ್ಪವನ್ನೇ ಕೊಡಬಾರದು, ಬಾಟುಲಿಸಂ ಎಂಬ ಮಾರಕ ಕಾಯಿಲೆಯ ಭಯವಿದೆ.

ತುದಿ ಕತ್ತರಿಸುವುದು: ಚೀಪಿದಾಗ ಒಳಗಿನ ಗಾಳಿ ಹಿಡಿಯದೆ ಮಜಾ ಹೋಗುತ್ತದೆ, ಮಗು ತಾನೇ ಬಿಡುತ್ತದೆ ಅನ್ನುವುದು ಅದರ ಲೆಕ್ಕ. ಆದರೆ ಒಮ್ಮೆ ಕತ್ತರಿ ತಾಗಿದ ಸಿಲಿಕಾನ್ ಆ ಗಾಯದಿಂದಲೇ ಸೀಳುತ್ತಾ ಹೋಗುತ್ತದೆ. ನಿಮ್ಮ ಮಗಳಿಗೆ ಈಗ ಕೋರೆಹಲ್ಲು, ಮೊದಲ ದವಡೆಹಲ್ಲು ಬಂದಿರುವ ಅಥವಾ ಬರುತ್ತಿರುವ ವಯಸ್ಸು. ಜಗಿದು ತುಂಡು ಮಾಡಿದರೆ ಆ ತುಂಡು ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತದೆ, ಅದೂ ಎಲ್ಲರೂ ಮಲಗಿರುವ ಹೊತ್ತಲ್ಲಿ. ಸ್ವಲ್ಪ ಸೀಳು, ಅಂಟು, ಉಬ್ಬು ಕಂಡರೂ ಎಸೆಯಿರಿ ಅಂತ ಪ್ಯಾಕೆಟ್ ಮೇಲೆಯೇ ಬರೆದಿರುತ್ತದೆ. ಬಿಡಿಸುವವರೆಗೂ ದಿನಕ್ಕೊಮ್ಮೆ ತುದಿ ಹಿಡಿದು ಎಲ್ಲ ಕಡೆಗೂ ಎಳೆದು ನೋಡಿ. ರಾತ್ರಿ ಕಳೆದುಹೋಗದಿರಲಿ ಅಂತ ದಾರ ಕಟ್ಟಿ ಕೊರಳಿಗೆ ಹಾಕುವುದು, ಅಂಗಿಗೆ ಕ್ಲಿಪ್ ಹಾಕಿ ಮಲಗಿಸುವುದು ಕೂಡದು. ಕೊರಳಿಗೆ ಸುತ್ತಿಕೊಳ್ಳುತ್ತದೆ.

ಹಲ್ಲಿನ ಲೆಕ್ಕದಲ್ಲಿ ನಿಮಗಿನ್ನೂ ಸಮಯವಿದೆ, ಗಾಬರಿ ಬೇಡ. ದಿನವೂ ಗಂಟೆಗಟ್ಟಲೆ ಚೀಪಿದರೆ ಮೇಲಿನ ಮುಂದಿನ ಹಲ್ಲು ಹೊರಚಾಚುತ್ತವೆ. ಬಾಯಿ ಮುಚ್ಚಿದಾಗಲೂ ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ನಡುವೆ ಕಿಂಡಿ ಉಳಿಯುತ್ತದೆ. ಕೆನ್ನೆಯ ಒತ್ತಡಕ್ಕೆ ಮೇಲಿನ ದವಡೆ ಕಿರಿದಾಗಿ ಹಿಂದಿನ ಹಲ್ಲುಗಳು ಅಡ್ಡ ಕೂರುತ್ತವೆ. ಮೂರು ವರ್ಷದೊಳಗೆ ಬಿಡಿಸಿದರೆ ಮುಂದಿನ ಕಿಂಡಿ ಬಹುಪಾಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಹಿಂದಿನ ಅಡ್ಡ ಕಚ್ಚು ಅಷ್ಟು ಸುಲಭಕ್ಕೆ ಸರಿಹೋಗುವುದಿಲ್ಲ. ಹಗಲಲ್ಲಿ ಮಗು ನಗುವಾಗ ಕಚ್ಚಿಸಿ ನೋಡಿ. ಕೆಳಗಿನ ದವಡೆ ಒಂದು ಕಡೆಗೆ ಸರಿದಂತೆ ಕಂಡರೆ ಮಕ್ಕಳ ದಂತವೈದ್ಯರಿಗೆ ತೋರಿಸಿ. "ಹಲ್ಲಿಗೆ ಒಳ್ಳೆಯದು" ಅಂತ ಚಪ್ಪಟೆ ತುದಿಯದ್ದಕ್ಕೆ ಬದಲಾಯಿಸಿ ಇನ್ನೊಂದು ವರ್ಷ ಮುಂದೂಡುವುದರಲ್ಲಿ ಅರ್ಥವಿಲ್ಲ.

ಪದೇ ಪದೇ ಕಿವಿನೋವು ಬರುವ ಮಗುವಾದರೆ ಬೇಗ ಬಿಡಿಸಬೇಕು, ನಿಪ್ಪಲ್ ಬಳಕೆಗೂ ಮಧ್ಯಕಿವಿಯ ಸೋಂಕಿಗೂ ನಂಟಿದೆ. ಇನ್ನೊಂದು ಮಾತು ಓದುವ ಬೇರೆ ತಾಯಂದಿರಿಗೆ: ಇದೆಲ್ಲ ಓದಿ ನಾಲ್ಕು ತಿಂಗಳ ಕೂಸಿನ ನಿಪ್ಪಲ್ ಕಿತ್ತುಕೊಳ್ಳಬೇಡಿ. ಮೊದಲ ವರ್ಷದಲ್ಲಿ, ಎದೆಹಾಲು ಕುಡಿಯುವುದು ಚೆನ್ನಾಗಿ ರೂಢಿಯಾದ ಮೇಲೆ, ಮಲಗುವಾಗ ನಿಪ್ಪಲ್ ಕೊಡುವುದರಿಂದ ನಿದ್ದೆಯಲ್ಲೇ ಕೂಸು ತೀರಿಕೊಳ್ಳುವ ಅಪಾಯ ಕಡಿಮೆ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ ಅದನ್ನು ಸೂಚಿಸುತ್ತದೆ. ವರ್ಷ ದಾಟಿದ ಮೇಲೆ ಆ ಕಾರಣ ಉಳಿಯುವುದಿಲ್ಲ.

ಧಾರವಾಡದ ಆಯಿ:

ಕಾವೇರಿ ತೀರ ಅವರು ಹೇಳಿದ್ದು ಖರೆ ಅದ. ಆದರ ಎಲ್ಲಾ ಕೂಸಿಗೂ ಒಂದs ಸಲಕ್ಕ ನಿಲ್ಲಸೂದು ಹೊಂದೂದಿಲ್ಲ ನೋಡ್ರಿ. ಅತ್ತು ಅತ್ತು ವಾಂತಿ ಮಾಡಿಕೊಳ್ಳೋ ಕೂಸು, ಈಗಷ್ಟs ಜಡ್ಡಿನಿಂದ ಎದ್ದಿದ್ದು, ಮನ್ಯಾಗ ಹೊಸಾ ತಮ್ಮ ತಂಗಿ ಬಂದಿದ್ದು, ಇಂಥಾ ಕೂಸಿಗೆ ಮೆತ್ತಗ ಬಿಡಸೂ ದಾರಿ ಇರತದ.

ಮಲಗೋ ಹೊತ್ತಿಗೆ ಕೊಡ್ರಿ, ಆದರ ಪೂರಾ ನಿದ್ದಿ ಹತ್ತೂ ಮುಂಚೆ ತಗೀರಿ. ಚೀಪೋ ರೀತಿ ಗಮನಾ ಕೊಟ್ಟು ನೋಡ್ರಿ. ಮೊದಲ ಜೋರಾಗಿ, ಒಂದs ತಾಳಕ್ಕ ಚೀಪತದ. ಆಮ್ಯಾಲೆ ನಡುನಡುವ ನಿಲ್ಲತದ. ಕಡೀಕ ತುಟಿ ಸಣ್ಣಗ ನಡುಗಿದಂಗ ಅಷ್ಟ ಆಗತದ. ಆ ಎರಡನೇ ಹಂತದಾಗ ಬಾಯಿ ಮೂಲ್ಯಾಗ ಕಿರುಬೆರಳ ತೂರಿಸಿ, ಗಾಳಿ ಬಿಡಿಸಿ ಮೆತ್ತಗ ತಗೀರಿ. ಕೂಡಲೇ ಗದ್ದದ ಕೆಳಗ ಒಂದು ಬೆರಳು ಇಟ್ಟು ಬಾಯಿ ಮುಚ್ಚೂವಂಗ ಹಗೂರಕ ಒತ್ತಿ ಹಿಡೀರಿ. ಹುಡುಕಿದ್ರ ಅರ್ಧ ನಿಮಿಷ ತಡೀರಿ, ಬೆನ್ನ ತಟ್ರಿ. ಅತ್ತ್ರ ಕೊಡ್ರಿ, ಮತ್ತ ಅದs ಹಂತದಾಗ ತಗೀರಿ. ಒಂದು ರಾತ್ರಿಗೆ ನಾಲ್ಕೈದು ಸಲ ಆಗಬಹುದು. ಮೂರು ದಿನಕ್ಕೊಮ್ಮೆ ತಗಿಯೂದನ್ನ ಇನ್ನೊಂದೀಟು ಮುಂಚೆ ಮಾಡ್ರಿ. ಎರಡು ಮೂರು ವಾರ ಹಿಡೀತದ, ತಾಳ್ಮಿ ಬೇಕು.

ಇನ್ನೊಂದು. ನಿಮ್ಮ ಅತ್ತಿಯವರನ್ನ ಬಿಟ್ಟು ಯಾವ ಲೆಕ್ಕಾನೂ ಹಾಕಬ್ಯಾಡ್ರಿ. ಮಧ್ಯಾಹ್ನದ ನಿದ್ದಿ ಅವರ ಕೈಯಾಗ ಅದ. ಸೊಸಿ ಹೇಳಿದ್ಲು ಅಂತ ಮಾಡೂದಕ್ಕಿಂತ ನಿಮ್ಮ ಮನಿಯವರು ತಮ್ಮ ತಾಯಿಗೆ ಹೇಳೂದು ಛಲೋ. ಯಾವ ಹಾಡು, ಎಷ್ಟು ಹೊತ್ತು, ಅತ್ತ್ರ ಏನು ಮಾಡೂದು ಅಂತ ಮೂರೂ ಮಂದಿ ಕೂತು ಮಾತಾಡ್ರಿ. ಬೇವಿನೆಣ್ಣಿ ಬ್ಯಾಡ ಅಂದ ಮ್ಯಾಲೆ ಅವರಿಗೆ ಬ್ಯಾರೆ ಕೆಲಸ ಕೊಡಬೇಕು. ಹಾಡು ಅವರದs ಇರಲಿ, ಕೂಸಿಗೆ ಹಿಡಿಸೂ ಬಟ್ಟಿ ಅವರದs ಸೀರಿದು ಇರಲಿ. ಆವಾಗ ಅವರೂ ಮನಸಿಟ್ಟು ಮಾಡತಾರ.

ಮಧ್ಯಾಹ್ನ ಅರ್ಧಾ ತಾಸು ಪ್ರಯತ್ನ ಮಾಡಿದ್ರೂ ನಿದ್ದಿ ಬರಲಿಲ್ಲಾ ಅಂದ್ರ ಎಬ್ಬಿಸಿಕೊಂಡು ಆಡಸ್ರಿ. ರಾತ್ರಿ ಅರ್ಧಾ ತಾಸಿನಿಂದ ಒಂದು ತಾಸು ಮುಂಚೆ ಮಲಗಸ್ರಿ. ಸಂಜಿ ಐದಕ್ಕ ತೂಕಡಿಸಿದ್ರ ಮಲಗಲಿಕ್ಕೆ ಬಿಡಬ್ಯಾಡ್ರಿ, ರಾತ್ರಿ ಹನ್ನೊಂದರ ತನಕಾ ಆಟ ಹೂಡತದ.

ಹಾಸನದ ಹೇಮಾ:

ಎಲ್ಲರಿಗೂ ತುಂಬ ಧನ್ಯವಾದ. ಬೇವಿನೆಣ್ಣೆ ವಿಷಯ ಅತ್ತೆಗೆ ಓದಿ ಹೇಳಿಯಾಯ್ತು, ಒಪ್ಪಿದರು. ಆಯಿ ಹೇಳಿದ ಹಾಗೆ ಸೀರೆ ತುಂಡೂ ಅವರದ್ದೇ.

ಇನ್ನು ಕೆಲವು ಅನುಮಾನ. ನಡುರಾತ್ರಿ ಎದ್ದಾಗ ನಿಜಕ್ಕೂ ಏನು ಮಾಡಬೇಕು, ಯಾವ ಸಾಲಿನಲ್ಲಿ? ಹಾಲು ಕೇಳಿದರೆ ಕೊಡಬಹುದಾ? ನಿಪ್ಪಲ್ ಬಿಟ್ಟು ಹೆಬ್ಬೆರಳು ಚೀಪಲು ಶುರು ಮಾಡಿದರೆ? ಮನೆಯಲ್ಲಿ ಹಳೆಯ ಸೀರೆ ಜೋಲಿ ಇದೆ, ಒಂದು ವಾರದ ಮಟ್ಟಿಗೆ ಅದರಲ್ಲಿ ತೂಗಬಹುದಾ?

ಕಾವೇರಿ ತೀರ:

ಮೊದಲು ಆಯಿಯವರ ಮಾತಿಗೆ. ಅವರು ಹೇಳಿದ ವಿಧಾನ ಸರಿಯಾದದ್ದೇ, ಆದರೆ ಅದು ಚೆನ್ನಾಗಿ ಹಿಡಿಯುವುದು ಒಂದು ವರ್ಷದ ಸುತ್ತಮುತ್ತಲಿನ ಮಕ್ಕಳಿಗೆ. ಎರಡರ ಹತ್ತಿರ ಬಂದ ಮಗುವಿಗೆ ಬಾಯಿಂದ ತೆಗೆಯುತ್ತಿದ್ದಾರೆ ಅನ್ನುವುದು ಗೊತ್ತಾಗುತ್ತದೆ. ಕಾವಲು ಕಾಯುತ್ತಾ ಮಲಗುತ್ತದೆ, ನಿದ್ದೆ ಇನ್ನೂ ತಡ. ವಾಂತಿ ಮಾಡಿಕೊಳ್ಳುವಷ್ಟು ಅಳುವ ಮಗುವಾದರೆ ಮಾತ್ರ ಅವರ ದಾರಿ ಹಿಡಿಯಿರಿ. ಯಾವುದನ್ನಾದರೂ ಆರಿಸಿ, ಆದರೆ ಎರಡನ್ನೂ ಬೆರೆಸಬೇಡಿ: ಸೋಮವಾರ ಒಂದೇ ಸಲ ನಿಲ್ಲಿಸುವುದು, ಬುಧವಾರ ಸೋತು ನಿಧಾನದ ದಾರಿ, ಶನಿವಾರ ಮತ್ತೆ ನಿಲ್ಲಿಸುವುದು. ಇದಕ್ಕಿಂತ ಕಷ್ಟದ್ದು ಮಗುವಿಗೆ ಬೇರೆ ಇಲ್ಲ.

ನಡುರಾತ್ರಿಯ ಸಾಲು ಹೀಗಿರಲಿ. ಕುಂಯ್ ಅಂದ ಕೂಡಲೇ ಮುಟ್ಟಬೇಡಿ, ಒಂದು ನಿಮಿಷ ಕಾಯಿರಿ. ಎಷ್ಟೋ ಸಲ ಅದು ಅರೆ ಎಚ್ಚರದ ಗೊಣಗಾಟ, ತಾನೇ ಮಗ್ಗುಲಾಗುತ್ತದೆ. ನೀವು ಮುಟ್ಟಿ ಮಾತಾಡಿಸಿದರೆ ಪೂರ್ತಿ ಎಬ್ಬಿಸಿದಂತೆ. ಅಳು ಜೋರಾದರೆ ಸೀರೆ ತುಂಡನ್ನು ಕೈಗೆ ಕೊಡಿ, ಬೆನ್ನಿನ ಮೇಲೆ ಅಂಗೈ ಒತ್ತಿ ಹಿಡಿದು ಅದೇ ಜೋಗುಳವನ್ನು ನಿಧಾನವಾಗಿ ಹಾಡಿ. ಐದು ನಿಮಿಷವಾದರೂ ಹೆಚ್ಚುತ್ತಲೇ ಇದ್ದರೆ ಕೂರಿಸಿ ಎರಡು ಗುಟುಕು ನೀರು ಕುಡಿಸಿ. ಡೈಪರ್ ತುಂಬಿದೆಯಾ, ಸೊಳ್ಳೆ ಕಚ್ಚಿದೆಯಾ, ಕರೆಂಟ್ ಹೋಗಿ ಫ್ಯಾನ್ ನಿಂತು ಬೆವರಿದ್ದಾಳಾ ನೋಡಿ. ಮತ್ತೆ ಮಲಗಿಸಿ. ಅಪ್ಪಿಕೊಳ್ಳಬೇಕೆಂದರೆ ಹಾಸಿಗೆಯಲ್ಲೇ ಅಪ್ಪಿಕೊಳ್ಳಿ, ಶಾಂತವಾದ ಮೇಲೆ ಪಕ್ಕಕ್ಕೆ ಬಿಡಿ. ಇಬ್ಬರಲ್ಲಿ ಒಬ್ಬರೇ ಎದ್ದಿರಿ. ರಾತ್ರಿ ಎರಡರವರೆಗೆ ಒಬ್ಬರು, ಆಮೇಲೆ ಇನ್ನೊಬ್ಬರು ಅಂತ ಮೊದಲೇ ಹಂಚಿಕೊಂಡರೆ ಸುಸ್ತಿನಲ್ಲಿ ಜಗಳವಾಗುವುದಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಬೆಳಗಿನ ನಾಲ್ಕರಿಂದ ಐದೂವರೆ. ಅಷ್ಟು ಹೊತ್ತಿಗೆ ಮಗುವಿನ ನಿದ್ದೆಯ ಬಹುಪಾಲು ಮುಗಿದಿರುತ್ತದೆ, ಮತ್ತೆ ಮಲಗಲು ಒತ್ತಡ ಉಳಿದಿರುವುದಿಲ್ಲ. ಕಿಟಕಿಗೆ ದಪ್ಪ ಪರದೆ ಹಾಕಿ, ಬೆಳಕು ಬೇಡ. ಐದಕ್ಕೆ ಎದ್ದರೂ ಆರರವರೆಗೆ ಹಾಸಿಗೆಯಲ್ಲೇ, ಕತ್ತಲಲ್ಲೇ ಇರಿ. ಐದಕ್ಕೇ ಎಬ್ಬಿಸಿ ಹಾಲು ಕಾಯಿಸಿ ಕೊಟ್ಟರೆ ನಾಳೆಯಿಂದ ಐದೇ ಬೆಳಗಾಗುತ್ತದೆ. 1ರಿಂದ 2 ವರ್ಷದ ಮಕ್ಕಳಿಗೆ ದಿನಕ್ಕೆ ಮಧ್ಯಾಹ್ನದ್ದೂ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು. ಮೊದಲ ವಾರ ಅದು ಕಡಿಮೆಯಾಗಿ ಹಗಲಲ್ಲಿ ಕಿರಿಕಿರಿ ಮಾಡಿದರೆ ರಾತ್ರಿ ಬೇಗ ಮಲಗಿಸಿ ತುಂಬಿಸಿ.

ರಾತ್ರಿ ಹಾಲು ಬೇಡ. ನಿಪ್ಪಲ್ ಜಾಗಕ್ಕೆ ಬಾಟಲಿ ಬಂದರೆ ನೀವು ಇನ್ನೂ ಕೆಟ್ಟ ಜಾಗಕ್ಕೆ ಬಂದಂತೆ: ಹಲ್ಲು ಹುಳುಕು, ಒದ್ದೆ ಡೈಪರ್, ಅದರಿಂದ ಮತ್ತೆ ಎಚ್ಚರ, ಬೆಳಗ್ಗೆ ತಿಂಡಿ ಬೇಡ. ಹಸಿವಿನ ಅನುಮಾನ ಬಂದರೆ ಸಂಜೆಯ ಊಟ ಗಟ್ಟಿ ಮಾಡಿ. ತುಪ್ಪ ಹಾಕಿದ ಬೇಳೆ ಅನ್ನ, ಮೆತ್ತಗಿನ ಮುದ್ದೆ ಸಾರು, ಮೊಸರನ್ನ, ಯಾವುದು ಇಷ್ಟವೋ ಅದು. ಹಾಲು ಕುಡಿಯುವುದಿದ್ದರೆ ಹಲ್ಲುಜ್ಜುವ ಮುಂಚೆ, ಲೋಟದಲ್ಲಿ.

ಸೀರೆ ಜೋಲಿ ಬೇಡ. ಒಂದು ಅವಲಂಬನೆ ಬಿಡಿಸಲು ಅದಕ್ಕಿಂತ ದೊಡ್ಡದನ್ನು ತಂದಂತೆ, ನಡುರಾತ್ರಿ ಎದ್ದು ತೂಗುವವರು ನೀವೇ. ಎದ್ದು ನಿಲ್ಲುವ, ಹತ್ತುವ ವಯಸ್ಸಿನ ಮಗು ಜೋಲಿಯಿಂದ ಬೀಳಬಹುದು. ತಾನೇ ಸುತ್ತಿ ಆಡುತ್ತಾ ಬಟ್ಟೆ ಕೊರಳಿಗೆ ಬಿಗಿದು ಮಕ್ಕಳು ಜೀವ ಕಳೆದುಕೊಂಡದ್ದೂ ಇದೆ. ಬಿಚ್ಚಿ ಮಡಚಿಡಿ, ತೂಗಿರುವುದೇ ಬೇಡ.

ತಟ್ಟುವುದೂ ಒಂದು ಅವಲಂಬನೆಯೇ ಅಲ್ಲವಾ ಅಂತ ಕೇಳಬಹುದು. ಹೌದು. ಅದಕ್ಕೇ ಮೊದಲ ವಾರ ಧಾರಾಳವಾಗಿ ತಟ್ಟಿ. ಎರಡನೇ ವಾರದಿಂದ ತಟ್ಟುವುದನ್ನು ಬಿಟ್ಟು ಕೈ ಮಾತ್ರ ಇಡಿ. ಮೂರನೇ ವಾರ ಪಕ್ಕದಲ್ಲಿ ಮಲಗಿರುವುದಷ್ಟೇ. ಎಲ್ಲವನ್ನೂ ಒಂದೇ ಸಲ ತೆಗೆಯಬೇಕಿಲ್ಲ.

ಹಾಲುಹಲ್ಲು:

ಹೆಬ್ಬೆರಳಿನ ಬಗ್ಗೆ: ಕೆಲವು ಮಕ್ಕಳು ಹಾಗೆ ಮಾಡುತ್ತಾರೆ, ಆದರೆ ಈವರೆಗೆ ಬೆರಳು ಚೀಪದ ಮಗು 22 ತಿಂಗಳಿಗೆ ಹೊಸದಾಗಿ ಗಟ್ಟಿಯಾಗಿ ಹಿಡಿಯುವುದು ಅಪರೂಪ. ಮೊದಲ ಕೆಲವು ರಾತ್ರಿ ಬೆರಳು ಬಾಯಿಗೆ ಹೋಗಿ ಬಂದರೆ ಗದರಬೇಡಿ, ಕೈ ಕಿತ್ತು ತೆಗೆಯಬೇಡಿ. ಗದರಿದಷ್ಟೂ ಹಿಡಿತ ಬಿಗಿಯಾಗುತ್ತದೆ. ಆ ಕೈಗೇ ಸೀರೆ ತುಂಡು ಕೊಡಿ, ಕೈ ತುಂಬಿದ್ದರೆ ಬಾಯಿಗೆ ಹೋಗುವುದು ಕಡಿಮೆ. ಎರಡು ಕೈಗೂ ಏನಾದರೂ ಬೇಕೆಂದರೆ ಎರಡು ತುಂಡು ಇದ್ದೇ ಇವೆಯಲ್ಲ. ಬಟ್ಟೆಯ ತುದಿ ಚೀಪಿದರೆ ಪರವಾಗಿಲ್ಲ, ದಿನಾ ಒಗೆಯಿರಿ.

ಶುರು ಮಾಡುವ ದಿನ ಜ್ವರ, ಕಿವಿನೋವು, ಮೂಗು ಕಟ್ಟಿದ್ದು ಇದ್ದರೆ ಮುಂದೂಡಿ. ಹಲ್ಲು ಬರುತ್ತಿದೆ ಅನ್ನುವ ಕಾರಣಕ್ಕೆ ಮಾತ್ರ ಮುಂದೂಡುತ್ತಾ ಹೋಗಬೇಡಿ. ಕೊನೆಯ ದವಡೆಹಲ್ಲು ಬರುವುದು 25ರಿಂದ 33 ತಿಂಗಳ ನಡುವೆ, ಅಲ್ಲಿಯವರೆಗೆ ಏನಾದರೊಂದು ಹಲ್ಲು ಬರುತ್ತಲೇ ಇರುತ್ತದೆ. ಒಸಡು ಊದಿ ತೀರಾ ನೋವಿರುವ ನಾಲ್ಕೈದು ದಿನ ಬಿಟ್ಟರೆ ಸಾಕು.

ಬಿಟ್ಟ ಮೇಲೆ ಒಂದು ಗಮನಿಸಿ. ನಿಪ್ಪಲ್ ಇಲ್ಲದೆ ಮಲಗಿದಾಗ ಬಾಯಿ ತೆರೆದೇ ಇರುತ್ತದಾ, ಗೊರಕೆ ಬರುತ್ತದಾ, ಉಸಿರು ನಡುವೆ ನಿಂತಂತಾಗಿ ಮತ್ತೆ ಎಳೆಯುತ್ತಾಳಾ? ನೆಗಡಿ ಇಲ್ಲದ ದಿನಗಳಲ್ಲೂ ಹೀಗಾದರೆ ಮೂಗಿನ ಹಿಂದಿನ ಅಡಿನಾಯ್ಡ್ ಊದಿರಬಹುದು. ಕಿವಿ ಮೂಗು ಗಂಟಲು ವೈದ್ಯರಿಗೆ ತೋರಿಸಿ. ಅಂಥ ಮಗು ಪದೇ ಪದೇ ಏಳುವುದು ನಿಪ್ಪಲ್‌ಗಾಗಿ ಆಗಿರುವುದಿಲ್ಲ, ಎಷ್ಟು ಕಲಿಸಿದರೂ ನಿದ್ದೆ ಸರಿಹೋಗುವುದಿಲ್ಲ.

ಕೋಪನ್‌ಹೇಗನ್ ಕನ್ನಡತಿ:

ಸಣ್ಣದೊಂದು ಸೇರಿಸುತ್ತೇನೆ, ಸ್ವಲ್ಪ ದೊಡ್ಡ ಮಕ್ಕಳಿರುವವರಿಗೆ. ಡೆನ್ಮಾರ್ಕಿನಲ್ಲಿ ನಿಪ್ಪಲ್ ಮರಗಳಿವೆ. ಇಲ್ಲಿನ ಫ್ರೆಡರಿಕ್ಸ್‌ಬರ್ಗ್ ಉದ್ಯಾನದಲ್ಲಿ ಅಂಥದ್ದೊಂದು ಹೆಸರುವಾಸಿ. ಮಗು ತನ್ನ ನಿಪ್ಪಲ್‌ಗಳನ್ನು ರಿಬ್ಬನ್ನಿಗೆ ಕಟ್ಟಿ ತಾನೇ ಕೊಂಬೆಗೆ ನೇತುಹಾಕಿ ಬರುತ್ತದೆ, ಜೊತೆಗೆ ದೊಡ್ಡವರು ಬರೆದುಕೊಟ್ಟ ಒಂದು ಚೀಟಿ. ಬೇಕೆಂದಾಗ ಹೋಗಿ ನೋಡಿ ಬರಬಹುದು, ವಾಪಸ್ ತರುವಂತಿಲ್ಲ. ಇದು ಎರಡೂವರೆ, ಮೂರು ವರ್ಷದ ಮೇಲೆ, "ನಿನ್ನೆ ಕೊಟ್ಟುಬಿಟ್ಟೆ" ಅನ್ನುವುದು ಅರ್ಥವಾಗುವ ಮಕ್ಕಳಿಗೆ ಚೆನ್ನಾಗಿ ಒಪ್ಪುತ್ತದೆ. 22 ತಿಂಗಳಿಗೆ ಮಗು ಖುಷಿಯಾಗಿ ಕಟ್ಟಿ ಬಂದು ರಾತ್ರಿ ಅದನ್ನೇ ಕೇಳುತ್ತದೆ, ಹಾಗಾಗಿ ಹೇಮಾ ಅವರಿಗೆ ಈಗ ಉಪಯೋಗವಿಲ್ಲ. ದೊಡ್ಡ ಮಕ್ಕಳಿರುವವರು ಊರಿನಲ್ಲೂ ಮನೆಯಂಗಳದ ಮಾವಿನ ಗಿಡಕ್ಕೋ ಸೀಬೆ ಗಿಡಕ್ಕೋ ಕಟ್ಟಿಸಬಹುದು. ಕೈಗೆಟುಕದಷ್ಟು ಎತ್ತರದಲ್ಲಿ ಕಟ್ಟಿಸಿ.

ಇಲ್ಲಿನ ಡೇಕೇರ್‌ಗಳಲ್ಲಿ ಮಧ್ಯಾಹ್ನದ ನಿದ್ದೆಗೆ ನಿಪ್ಪಲ್ ಕೊಡುವುದು ಮಾಮೂಲು. ಬೆಂಗಳೂರಿನಲ್ಲಿ ಬೇಬಿ ಸಿಟ್ಟಿಂಗ್‌ಗೆ ಬಿಡುವವರೂ ಅಲ್ಲಿಯವರಿಗೆ ಮೊದಲೇ ಹೇಳಿಡಿ, ಚೀಲದಲ್ಲಿ ನಿಪ್ಪಲ್ ಕಳಿಸಬೇಡಿ. ಬೇರೆ ಮಗುವಿನದ್ದು ಬಾಯಿಗೆ ಹೋಗದಂತೆ ನೋಡಿಕೊಳ್ಳಲು ಕೇಳಿ. ಒಬ್ಬರದ್ದನ್ನು ಒಬ್ಬರು ಚೀಪಿದರೆ ಸೋಂಕು ಹರಡುತ್ತದೆ, ಹಳೆಯ ಅಭ್ಯಾಸವೂ ಮರುಕಳಿಸುತ್ತದೆ.

ಹಾಸನದ ಹೇಮಾ:

ಈ ಶುಕ್ರವಾರ ರಾತ್ರಿಯಿಂದ ಅಂತ ಮೂವರೂ ಕೂತು ತೀರ್ಮಾನಿಸಿದ್ದೇವೆ. ಶನಿ, ಭಾನು ಇಬ್ಬರೂ ಮನೆಯಲ್ಲಿರುತ್ತೇವೆ. ಕೊನೆಯದಾಗಿ ಒಂದು: ಬಿಟ್ಟು ಹತ್ತು ದಿನ ಆದಮೇಲೆ ಜ್ವರ ಬಂದರೆ, ಆಗ ಒಂದೆರಡು ರಾತ್ರಿ ಕೊಡಬಹುದಾ?

ಕಾವೇರಿ ತೀರ:

ಕೊಡಬೇಡಿ. ಹತ್ತು ದಿನದಲ್ಲಿ ಅವಳು ಬೇರೆ ದಾರಿ ಕಲಿತಿರುತ್ತಾಳೆ, ಜ್ವರದಲ್ಲಿ ಅವಳಿಗೆ ಬೇಕಾಗುವುದು ನೀವು. ಎತ್ತಿಕೊಳ್ಳಿ, ಎದೆಗೆ ಒರಗಿಸಿ ಮಲಗಿಸಿ, ಎಷ್ಟು ಬೇಕೋ ಅಷ್ಟು ನೀರು ಕುಡಿಸಿ, ಡಾಕ್ಟರ್ ಹೇಳಿದ ಔಷಧಿಯನ್ನು ತೂಕಕ್ಕೆ ತಕ್ಕ ಅಳತೆಯಲ್ಲಿ ಕೊಡಿ. ಆ ಎರಡು ಮೂರು ರಾತ್ರಿ ಯಾವ ನಿಯಮವೂ ಬೇಡ. ಜ್ವರ ಬಿಟ್ಟ ರಾತ್ರಿಯಿಂದಲೇ ಮಾಮೂಲಿ ಕ್ರಮಕ್ಕೆ ಬನ್ನಿ: ಅದೇ ಹೊತ್ತು, ಅದೇ ಜೋಗುಳ, ಅತ್ತೆಯವರ ಸೀರೆ ತುಂಡು. ಒಂದೆರಡು ರಾತ್ರಿ ತಕರಾರು ಇರುತ್ತದೆ, ಆದರೆ ಶುಕ್ರವಾರದಷ್ಟು ಇರುವುದಿಲ್ಲ.